ಫುಟ್‌ಬಾಲಿಗಾಗಿ ಬಂದ ನಲವತ್ತೊಂದು ಮಂದಿ

“ಅಂಕಲ್, ಇದಕ್ಕೆ ವಾಟ್ ಡು ಐ ಪುಟ್?” ಎಂದು ಕೃತಿ ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅವಳ ತಾಯಿ ಪುಷ್ಪಾವತಿಯೇ ಉತ್ತರ ಕೊಟ್ಟರು. “ಮೊದಲನೇದು ಒತ್ತು ಮಗಳೇ. ಹೋದ ವರ್ಷ ನಿನ್ನ ಅಣ್ಣನಿಗೂ ಇವರು ಹಾಗೇ ಹೇಳಿದ್ದು. ಅದಕ್ಕೆಲ್ಲ ಮಾರ್ಕು ಇಲ್ಲವಂತೆ.”

ಪ್ರಶ್ನೆ ಸರಳವಾಗಿತ್ತು: ನಮ್ಮ ವಿಶ್ವವಿದ್ಯಾಲಯವನ್ನು ಆರಿಸಿಕೊಳ್ಳಲು ನಿಮಗೆ ಮುಖ್ಯ ಕಾರಣ ಯಾವುದು? ಕೆಳಗೆ ಒಂಬತ್ತು ಉತ್ತರಗಳು. ಮೊದಲನೆಯದು, ‘ಫುಟ್‌ಬಾಲ್ ತಂಡ’. ಕಳೆದ ವರ್ಷ ನವೆಂಬರಿನಲ್ಲಿ ನಮ್ಮ ತಂಡ ಕಪ್ ಗೆದ್ದ ಖುಷಿಯಲ್ಲಿ, ಆರನೆಯ ಸ್ಥಾನದಲ್ಲಿದ್ದ ಅದನ್ನು ಪಟ್ಟಿಯ ತಲೆಯ ಮೇಲೆ ತಂದು ಕೂರಿಸಿದ್ದರು. ಕೂರಿಸಿದ್ದು ಬೇರೆ ಯಾರೂ ಅಲ್ಲ, ಪ್ರವೇಶ ವಿಭಾಗದ ಅಂಕಿ ಅಂಶ ತಜ್ಞನಾದ ಈ ಮಧುಸೂದನ, ಅಂದರೆ ನಾನೇ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ಸುತ್ತ ಒಮ್ಮೆ ನೋಡಿದೆ. ನಾವೆಲ್ಲ ಬಂದು ನೆಲೆಸಿದ ಈ ಪರದೇಶದ ಮಾಲ್ಟನ್ ಊರಿನ ಸಮುದಾಯ ಭವನದ ಕೋಣೆಯಲ್ಲಿ ಕನ್ನಡ ಸಂಘದ ಮಕ್ಕಳು ತಂತಮ್ಮ ಅರ್ಜಿ ತುಂಬುತ್ತಿದ್ದರು. ಈ ಪುಕ್ಕಟೆ ಶಿಬಿರ ನಡೆಸುವುದು ನಾನೇ. ಹೋದ ವರ್ಷ ಡಿಸೆಂಬರಿನಲ್ಲಿ ಶುರು ಮಾಡಿದ್ದೆ. ಫೋನಿನಲ್ಲಿ ಆಗಿನ ಹೆಸರುಗಳ ಪಟ್ಟಿ ಇನ್ನೂ ಇತ್ತು. ತೆಗೆದು ಎಣಿಸಿದೆ. ನಲವತ್ತೊಂದು.

ಅಷ್ಟು ಮಂದಿಗೂ ನಾನು ಹೇಳಿಕೊಟ್ಟಿದ್ದು ಒಂದೇ, ‘ಮೊದಲನೇದು ಒತ್ತಿ’. ‘ಫುಟ್‌ಬಾಲ್ ಗೆಲುವಿನಿಂದ ವಿದ್ಯಾರ್ಥಿಗಳು ಹೆಚ್ಚುತ್ತಾರೆಯೇ?’ ಎಂದು ನಮ್ಮ ನಿರ್ದೇಶಕಿ ಕೇಳಿದ್ದಕ್ಕೆ, ಹೌದು ಎಂದು ಮೂವತ್ತೆರಡು ಪುಟಗಳ ವರದಿ ಬರೆದಿಟ್ಟಿದ್ದೆ. ಗೆಲುವಿಗೆ ಮೊದಲು ಫುಟ್‌ಬಾಲಿಗಾಗಿ ಬಂದವರು ಹನ್ನೆರಡು ಜನ, ಗೆಲುವಿನ ನಂತರ ಐವತ್ತಮೂರು; ಏರಿದ್ದು ಸರಿಯಾಗಿ ನಲವತ್ತೊಂದು. ಬಣ್ಣಬಣ್ಣದ ನಕ್ಷೆ ಹಾಕಿ, ಏರುವ ಕಡೆ ಹಸಿರು ಬಾಣವನ್ನೂ ಎಳೆದಿದ್ದೆ. ಆ ಬಾಣದಲ್ಲಿ ಇದ್ದವರೆಲ್ಲ ನಮ್ಮ ಸಂಘದ ಬಿಸಿಬೇಳೆಬಾತ್ ಗಿರಾಕಿಗಳು. ನಾನಾದರೂ ಆ ಆಟದ ಬಗ್ಗೆ ಏನು ಕಂಡಿದ್ದೆ? ನೋಡಿದ್ದು ಒಂದೇ ಪಂದ್ಯ. ಅದರಲ್ಲೂ ಎದುರಾಳಿಗಳು ಅಂಕ ಗಳಿಸಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿ, ಪಕ್ಕದವನು ದುರುಗುಟ್ಟಿದ ಮೇಲೆ ಕೂತವನು ನಾನು.

ವರದಿ ಸೋಮವಾರ ಆಡಳಿತ ಮಂಡಳಿಯ ಮುಂದೆ ಹೋಗಬೇಕು. ಅವರು ಒಪ್ಪಿದರೆ ಹೊಸ ಕ್ರೀಡಾಂಗಣ, ಅದರ ಜೊತೆಗೊಂದು ಹೊಸ ವಿಭಾಗ, ಅದರಲ್ಲಿ ನನಗೆ ಕಾಯಂ ಕೆಲಸ. ಒಪ್ಪದಿದ್ದರೆ ಏಪ್ರಿಲಿಗೆ ನನ್ನ ಕಾಂಟ್ರ್ಯಾಕ್ಟು ಮುಗಿಯುತ್ತದೆ. ಐವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ರೆಸ್ಯೂಮೆ ಹಿಡಿದು ಅಲೆಯುವುದನ್ನು ನೆನೆದರೆ ನನಗೆ ನಿಜವಾಗಿಯೂ ಭಯವಾಗುತ್ತಿತ್ತು.

ಮುಳುಗುವವನಿಗೆ ಹುಲ್ಲುಕಡ್ಡಿ. ಒಬ್ಬನಾದರೂ ಆಟಕ್ಕೆ ಅಂತಲೇ ಬಂದಿರಬಹುದು ಎಂದುಕೊಂಡು, ಕೃತಿಯ ಅಣ್ಣ ಪ್ರಖ್ಯಾತನಿಗೆ ಫುಟ್‌ಬಾಲ್ ಅಂದರೆ ಇಷ್ಟವಾ ಎಂದು ಪುಷ್ಪಾವತಿಯವರನ್ನು ಕೇಳಿದೆ.

“ಅವನಿಗಾ? ಆ ಗ್ರೌಂಡು ಎಲ್ಲಿ ಉಂಟು ಅಂತ ಸಹ ಗೊತ್ತಿಲ್ಲ ಮಾರಾಯ್ರೆ,” ಎಂದು ಅವರು ನಕ್ಕರು. “ಬೇರೆ ಎರಡು ಕಡೆ ಸೀಟು ಸಿಕ್ಕಿತ್ತು. ನೀವು ಅಲ್ಲಿ ಇದ್ದೀರಿ ಅಂತ ಒಂದು ಧೈರ್ಯ ನೋಡಿ, ಅದಕ್ಕೆ ಕಳಿಸಿದ್ದು. ಕಷ್ಟಕ್ಕೆ ಸುಖಕ್ಕೆ ನಮ್ಮವರು ಅಂತ ಒಬ್ಬರು ಬೇಕಲ್ಲ? ಸಂಘದಲ್ಲಿ ಎಲ್ಲರೂ ಹಾಗೇ ಮಾತಾಡಿಕೊಂಡದ್ದು.”

ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಯಾವ ಏಳಿಗೆಗೂ ಕಾರಣ ಎಂದಿರಲಿಲ್ಲ. ಹೆಮ್ಮೆಪಟ್ಟೆ, ಅದರ ಬೆನ್ನಿಗೇ ಸೋಮವಾರದ ವರದಿ ನೆನಪಾಯಿತು. ನಿಜ ಬರೆಯುವುದಾದರೆ ಏನೆಂದು ಬರೆಯಬೇಕು? ‘ಮಂಡಳಿಯವರೇ, ನಲವತ್ತೊಂದು ಜನರನ್ನು ಕರೆತಂದದ್ದು ಆ ಕಪ್ ಅಲ್ಲ, ನಾನು’ ಎಂದೇ? ಮಧುಸೂದನನ ಹೆಸರಿನಲ್ಲಿ ಯಾರು ಕ್ರೀಡಾಂಗಣ ಕಟ್ಟಿಸುತ್ತಾರೆ? ಅಂಥ ವರದಿ ಕೊಟ್ಟವನನ್ನು ಮೊದಲು ಮನೆಗೆ ಕಳಿಸುತ್ತಾರೆ, ಆಮೇಲೆ ವೈದ್ಯರ ಹತ್ತಿರ ಕಳಿಸುತ್ತಾರೆ.

“ಇವಳು ಮುಗಿಸುವವರೆಗೆ, ಇನ್ನು ಐದು ವರ್ಷ ನೀವು ಅಲ್ಲೇ ಇರ್ತೀರಲ್ವಾ?” ಪುಷ್ಪಾವತಿ ಸಹಜವಾಗಿಯೇ ಕೇಳಿದರು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಅಷ್ಟರಲ್ಲಿ ಕೃತಿ ಪಟ್ಟಿಯ ಕೊನೆಗೆ ಇಳಿದು ‘ಇತರೆ ಕಾರಣ’ ಎಂಬುದನ್ನು ಒತ್ತಿ, ಮುಂದಿನ ಖಾಲಿ ಜಾಗದಲ್ಲಿ ನನ್ನ ಪೂರ್ತಿ ಹೆಸರನ್ನು ಟೈಪ್ ಮಾಡಿಬಿಟ್ಟಿದ್ದಳು. “ದಟ್ಸ್ ದ ಟ್ರೂತ್, ರೈಟ್ ಅಂಕಲ್?” ಎಂದು ನನ್ನ ಮುಖ ನೋಡಿದಳು.

ನಾನು ಆ ಹೆಸರನ್ನು ಎರಡು ಸಲ ಓದಿಕೊಂಡೆ.

“ಅಳಿಸು ಪುಟ್ಟಿ,” ಎಂದೆ. “ಫುಟ್‌ಬಾಲ್ ಅಂತಲೇ ಒತ್ತು. ಇಲ್ಲಾಂದ್ರೆ ಸೆಪ್ಟೆಂಬರಲ್ಲಿ ನೀನು ಬರೋ ಹೊತ್ತಿಗೆ ನಾನಲ್ಲಿ ಇರಲ್ಲ.”