ಎರಡನೆಯ ಗಡಿಕಲ್ಲು

ಎರಡು ಪಾಲಿಗೆ ಒಂದು ಗಡಿಕಲ್ಲು ಸಾಕಾಗಿತ್ತು. ಪಾಪಾತಿ ಎರಡು ನೆಟ್ಟಿದ್ದಳು.

ಬದುವಿನ ಮೇಲೆ ನಿಂತಿದ್ದ ತಮ್ಮಂದಿರು ಮೊದಲು ಕಲ್ಲುಗಳನ್ನು ನೋಡಿದರು, ಆಮೇಲೆ ಒಬ್ಬರ ಮುಖವನ್ನೊಬ್ಬರು. ಪಾಲು ಹಾಕುವ ಕೆಲಸವನ್ನು ಅಕ್ಕನಿಗೆ ಒಪ್ಪಿಸಿದವರು ಅವರೇ. ಅಪ್ಪ ತೀರಿಕೊಂಡ ಮೇಲೆ ಅವರಲ್ಲಿ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಉಳಿದಿರಲಿಲ್ಲ. ಅಕ್ಕನ ಮೇಲೆ ಮಾತ್ರ ಇಬ್ಬರಿಗೂ ಇತ್ತು. ಗಂಡ ಸತ್ತು ಚಿಕ್ಕ ವಯಸ್ಸಿನಲ್ಲೇ ತವರಿಗೆ ಬಂದವಳು ಅವಳು. ತಮಿಳು ಸೀಮೆಯ ಪೆನ್ನಾಗರಂ ಕಾಡಂಚಿನ ಆ ಕಲ್ಲುನೆಲವನ್ನು ಅಪ್ಪನ ಜೊತೆ ಅಗೆದಗೆದು ಹೊಲ ಮಾಡಿದ್ದಳು. ಆಗ ಹಿರಿಯ ತಮ್ಮ ಮುನುಸ್ವಾಮಿ ಕುರಿಗಳ ಹಿಂದೆ ಅಲೆಯುತ್ತಿದ್ದ. ಕಿರಿಯವ ಈಶ್ವರನ್ ಮೇಟೂರು ಅಣೆಕಟ್ಟೆಯ ಕೆಲಸಕ್ಕೆ ಹೋದವನು, ಕಟ್ಟೆ ಮುಗಿದ ಮೇಲೇ ಊರು ಸೇರಿದ್ದ.

"ಇದೇನಕ್ಕಾ, ಎಲ್ಡು ಕಲ್ಲು?" ಮುನುಸ್ವಾಮಿ ಕೇಳಿದ.

"ಮೂರು ಪಂಗು ಆಕಿವ್ನಿ." ಪಾಪಾತಿ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. "ಬಾವಿ ಕಡೇದು ನಿಂದು. ನಡುವಿಂದು ಈಶಂದು. ಆ ಕೊನೇಲಿ ಮಳೆನೀರು ಕೊರ್ದೈತಲ್ಲ, ಆ ಕೊರಕಲು ನಂಗಿರ್ಲಿ. ಒಳ್ಳೆ ಮಣ್ಣು ನಾನು ಮುಟ್ಟಿಲ್ಲ."

ಪಂಚಾಯಿತಿಗೆಂದು ಕರೆಸಿದ್ದ ಊರ ಹಿರಿಯ ಅಪ್ಪಯ್ಯ ನಕ್ಕ. ಕೆಟ್ಟ ನಗೆಯಲ್ಲ, ಮಗು ತಪ್ಪು ಮಾತಾಡಿದಾಗ ನಗುವಂಥದ್ದು. "ಎಣ್ಮಕ್ಕಳಿಗೆ ಬೂಮಿ ಕೊಟ್ಟಿದ್ದು ಈ ಸೀಮೇಲಿ ಎಲ್ಲೈತೆ ತಾಯಿ? ಸೀರೆ ಕೊಡ್ತಾರೆ, ಕೂಳು ಆಕ್ತಾರೆ. ಸಾಯೋಗಂಟ ನೋಡ್ಕತ್ತಾರೆ."

"ಯಾರ ಮನೇಲಿ?"

ಈಶ್ವರನ್ ಕಾಲಬೆರಳಿನಿಂದ ಮಣ್ಣು ಕೆದಕಿದ. "ಆರು ತಿಂಗ್ಳು ಅಣ್ಣನತ್ರ, ಆರು ತಿಂಗ್ಳು ನನ್ನತ್ರ," ಎಂದ. ಬೆಳಿಗ್ಗೆ ಕುರಿಗಳನ್ನು ಹಂಚಿಕೊಳ್ಳುವಾಗಲೂ ಅವನ ದನಿ ಹೀಗೇ ಇತ್ತು.

"ನಾನು ಕೂಳು ಕೇಳ್ಲಿಲ್ಲ ಕಣಪ್ಪ. ನಂಗೆ ಕೂಳು ಬೆಳ್ಯಾಕೆ ಬತ್ತದೆ."

ಮುನುಸ್ವಾಮಿಯ ಮುಖ ಬಿಗಿಯಿತು. "ನಾಳೆ ನೀ ಕಣ್ಮುಚ್ಚಿದ್ಮೇಲೆ ನಿನ್ನ ಗಂಡನ ಕಡೆಯೋರು ಬಂದು ಈ ನೆಲದ ಮೇಲೆ ನಿಂತ್ಕತ್ತಾರೆ. ಆಗ ಏನು ಮಾಡಾನ? ಬ್ಯಾಡಕ್ಕ. ವೇಂಡಾಂ." ಕನ್ನಡದಲ್ಲಿ ಹೇಳಿದ್ದು ಸಾಲದೆಂಬಂತೆ ತಮಿಳಿನಲ್ಲೂ ಹೇಳಿಬಿಟ್ಟ.

ಪಾಪಾತಿಗೆ ಗಂಡನ ಮುಖವೇ ಸರಿಯಾಗಿ ನೆನಪಿರಲಿಲ್ಲ. ಅವನ ಕಡೆಯವರು ಒಮ್ಮೆಯೂ ಬಂದು ಸತ್ತಳೇ ಬದುಕಿದಳೇ ಎಂದು ಕೇಳಿದವರಲ್ಲ. ಅವಳು ಅಪ್ಪಯ್ಯನ ಕಡೆ ನೋಡಿದಳು. ಅವನು ಬೆಟ್ಟದ ಕಡೆ ನೋಡುತ್ತಿದ್ದ. "ಕೊರಕಲು ಈಶನ ಪಾಲಿಗೇ ಸೇರ್ಲಿ," ಎಂದ.

ಈಶ್ವರನ್ ಹೋಗಿ ಎರಡನೆಯ ಕಲ್ಲನ್ನು ತಬ್ಬಿ ಜಗ್ಗಿದ. ಅದು ಮಿಸುಕಲಿಲ್ಲ; ಅಕ್ಕ ಆಳವಾಗಿ ನೆಟ್ಟಿದ್ದಳು. ಮತ್ತೆ ಜಗ್ಗಿದ. ಕುತ್ತಿಗೆಯ ನರ ಉಬ್ಬಿ ಬಂತು. ಪಾಪಾತಿ ಸ್ವಲ್ಪ ಹೊತ್ತು ನೋಡಿದಳು.

"ಲೇ, ಅಂಗಲ್ಲ. ಸೊಂಟ ಇಡ್ಕಂಡೀತು," ಎನ್ನುತ್ತ ಬಗ್ಗಿ, ಬುಡದ ಮಣ್ಣು ಕೆದರಿ, ಇನ್ನೊಂದು ಕಡೆಯಿಂದ ಕೈ ಕೊಟ್ಟಳು. ಅಕ್ಕ ತಮ್ಮ ಇಬ್ಬರೂ ಸೇರಿ ಕಲ್ಲನ್ನು ಕಿತ್ತು ಬದುವಿನಾಚೆ ಉರುಳಿಸಿದರು.

ಅಪ್ಪಯ್ಯ ಹೊರಟ. ತಮ್ಮಂದಿರೂ ಹೊರಟರು, ಒಬ್ಬ ಆ ಬದುವಿನ ಮೇಲೆ, ಒಬ್ಬ ಈ ಬದುವಿನ ಮೇಲೆ.

"ಲೇ, ಕುಣಿ ಮುಚ್ಚಿ ಓಗಲಾ!" ಪಾಪಾತಿ ಕೂಗಿದಳು. "ಏರು ಕಟ್ದಾಗ ಎತ್ತಿನ ಕಾಲು ಸಿಕ್ಕೋಗ್ತದೆ!"

ಅದು ಇನ್ನೊಬ್ಬನಿಗೆ ಹೇಳಿದ್ದೆಂದು ಒಬ್ಬೊಬ್ಬನೂ ಅಂದುಕೊಂಡ; ಇಬ್ಬರೂ ತಿರುಗಲಿಲ್ಲ. ಅವಳು ಮಂಡಿಯೂರಿ ಕುಳಿತು, ಎರಡೂ ಕೈಗಳಿಂದ ಮಣ್ಣೆಳೆದು ಕುಣಿ ಮುಚ್ಚತೊಡಗಿದಳು.