ತೊಳೆದಿಟ್ಟ ಜಾಡಿ

ಹದಿಮೂರನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟುಹೋಗಿ, ಬಾಗಿಲಿಗೆ ಒಂದೇ ಪ್ಯಾಕೆಟ್ ಹಾಲು ಬಂದ ಮೊದಲ ಬೆಳಿಗ್ಗೆ ಅದು. ಇಷ್ಟು ದಿನ ಕೋಣೆ ಬಿಟ್ಟು ಏಳದಿದ್ದವಳು ಅಡುಗೆಮನೆಗೆ ಬಂದಾಗ, ಗಂಡ ತಂದಿಟ್ಟಿದ್ದ ದಪ್ಪ ಗಾಜಿನ ಜಾಡಿ ಕಟ್ಟೆಯ ಮೇಲೆ ಬೋರಲು ಬಿದ್ದು ಫಳಫಳ ಹೊಳೆಯುತ್ತಿತ್ತು.

"ಲ್ಯಾಬಿನವರಿಗೆ ವಾಪಸ್ ಕೊಡ್ಬೇಕು ಅಂತ ಮೊನ್ನೆ ಫೋನಲ್ಲಿ ಹೇಳ್ತಿದ್ದೆಯಲ್ಲ," ಅತ್ತೆ ಒಲೆಯಿಂದ ಮುಖ ತಿರುಗಿಸದೆಯೇ ಹೇಳಿದರು. "ಅವತ್ತೇ ತೊಳೆದಿಟ್ಟೆ. ಬಾಯಿಗೆಲ್ಲ ಅದೇನೋ ಜಿಡ್ಡು ಮೆತ್ತಿತ್ತು, ಮೂರು ಸಲ ಸೋಪು ಹಾಕಿದೆ. ತಳದಲ್ಲಿದ್ದ ನೀಲಿ ಮಣಿಗಳನ್ನೂ ತೊಳೆದೆ ಕಣೇ, ನೀರು ತಾಗಿದ್ದೇ ಬಣ್ಣ ಬಿಟ್ಟು ಗುಲಾಬಿ ಆಗ್ಬಿಟ್ವು. ಕಳಪೆ ಮಾಲು! ಕಡ ತಂದ ಸಾಮಾನು ಗಲೀಜಾಗಿ ಕೊಟ್ರೆ ನನ್ನ ಮಗನಿಗೆ ಮಾತು ಬರತ್ತೆ."

ಗಾಳಿ ಒಳಗೆ ನುಸುಳದಂತೆ ತಡೆದಿದ್ದದ್ದೇ ಆ ಜಿಡ್ಡು. ತೇವ ಹೀರುತ್ತಿದ್ದದ್ದು ಆ ಮಣಿಗಳು. ಅವಳು ಜಾಡಿ ಎತ್ತಿ ಒಳಗೆ ನೋಡಿದಳು. "ಅದರೊಳಗೆ ಏಳು ಬಿಲ್ಲೆ ಇದ್ವಲ್ಲ ಅತ್ತೆ?"

"ಇಲ್ಲೇ ಇವೆ. ಒಂದೂ ಕಳೆದಿಲ್ಲ."

ಕುಕ್ಕರಿನ ಪಕ್ಕ, ಕಿಟಕಿಯ ಅಂಚಿನಲ್ಲಿ, ಒಗೆದ ಕರವಸ್ತ್ರದ ಮೇಲೆ ಏಳು ಗಾಜಿನ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿದ್ದರು. ಎರಡು ದಿನದಲ್ಲಿ ಎಷ್ಟು ಹಬೆ ಕುಡಿದಿದ್ದವೋ, ಕಪ್ಪಗಿರಬೇಕಾದವು ಹಳದಿಗೆ ತಿರುಗಿದ್ದವು.

ಪೆರೊವ್‌ಸ್ಕೈಟ್ ಸೌರಕೋಶಗಳು. 'ಬಿಸಿಲಿಗೆ ಹುಲಿ, ತೇವಕ್ಕೆ ಇಲಿ' ಎಂದು ಗಂಡ ನಗುತ್ತಿದ್ದ. ಲ್ಯಾಬಿನಲ್ಲಿ ತೇವ ಹೀರುವ ಯಂತ್ರ ಕೆಟ್ಟಿತೆಂದು ಪಕ್ಕದ ಲ್ಯಾಬಿನ ಗೆಳೆಯನಿಂದ ಜಾಡಿ ಕಡ ತಂದು, ಬಿಲ್ಲೆಗಳನ್ನು ಮನೆಯಲ್ಲಿ ಜೋಪಾನ ಮಾಡಿದ್ದ. ಸೋಮವಾರ ಅವುಗಳಿಗೆ ತೇವ ತಡೆಯುವ ಹೊದಿಕೆ ಹಾಕುವುದಿತ್ತು. ಅದರ ಹಿಂದಿನ ದಿನ, ಭಾನುವಾರ, ರಸ್ತೆ ದಾಟಲು ಹೋದವನು ದಾಟಲಿಲ್ಲ. ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಿದ್ದನೋ, ಎಲ್ಲೂ ಬರೆದಿಟ್ಟಿರಲಿಲ್ಲ. ಕಪ್ಪಗಿರುವಾಗಲೇ ಆ ಏಳನ್ನು ಪರೀಕ್ಷಿಸಿದರೆ ಮಾತ್ರ ನಾಲ್ಕು ವರ್ಷದ ದುಡಿಮೆಗೆ ಅವನ ಹೆಸರು ಸಿಗುತ್ತಿತ್ತು.

"ನಾನು ಹತ್ತಿರ ಹೋದ್ರೆ ಸಾಕು, 'ಅಮ್ಮಾ, ಉಸಿರು ಬಿಡಬೇಡ' ಅಂತಿದ್ದ, ದೊಡ್ಡ ವಿಜ್ಞಾನಿ!" ಅತ್ತೆ ನಕ್ಕರು. ನಗು ಅರ್ಧಕ್ಕೇ ನಿಂತಿತು. ಸೊಸೆಯ ಮುಖವನ್ನೇ ನೋಡಿದರು. "ಕಾಡಿಗೆ ಥರ ಕಪ್ಪಗಿದ್ವು, ಈಗ ಬಣ್ಣ ಬಂದಿದೆ. ಹೀಗೇ ಆಗಬೇಕಿತ್ತಲ್ವಾ? ನಾನೇನಾದ್ರೂ ಹಾಳು ಮಾಡಿದ್ನಾ?"

ಅವಳು ಕರವಸ್ತ್ರದ ಅಂಚನ್ನು ಬಿಲ್ಲೆಗಳ ಮೇಲೆ ಮಡಚಿದಳು. "ಹೀಗೇ ಆಗಬೇಕಿತ್ತು. ಅವರು ಇದಕ್ಕೇ ಕಾಯ್ತಿದ್ರು."

"ಹಾಗಾದ್ರೆ ಅವನ ಕೆಲಸಕ್ಕೆ ನನ್ನ ಕೈಯೂ ಸೇರಿತು ಅನ್ನು."

"ಸೇರಿತು. ಎಲ್ಲಿ, ಆ ಕೈ ಕೊಡಿ. ಆ ಬಿಲ್ಲೆಗಳಲ್ಲಿ ಸೀಸ ಇರತ್ತೆ, ವಿಷ."

ನಲ್ಲಿಯ ಕೆಳಗೆ ಹಿಡಿದು, ಒಂದೊಂದೇ ಬೆರಳನ್ನು ಉಜ್ಜಿ ತೊಳೆದಳು. ಅತ್ತೆ ಮಗುವಿನಂತೆ ಕೈ ಒಡ್ಡಿ ನಿಂತಿದ್ದರು.

ಜಾಡಿಯನ್ನೂ ಬಿಲ್ಲೆಗಳನ್ನೂ ಹೊತ್ತು ಅವಳು ಹೋದಾಗ, ಗಂಡನ ಗೆಳೆಯ ಲ್ಯಾಬಿನ ಬಾಗಿಲಲ್ಲೇ ಕಾಯುತ್ತಿದ್ದ. "ಬನ್ನಿ ಅತ್ತಿಗೆ. ಮಧ್ಯಾಹ್ನಕ್ಕೆ ಪರೀಕ್ಷೆಯ ಯಂತ್ರ ನಮಗೇ ಅಂತ ಹೇಳಿಟ್ಟಿದ್ದೀನಿ," ಎಂದವನು ಅವಳು ಕರವಸ್ತ್ರ ಬಿಚ್ಚಿದೊಡನೆ ಜಾಡಿಯನ್ನು ಕೈಗೆತ್ತಿಕೊಂಡ. ಜಾಡಿಯ ಬಾಯಿಗೆ ಬೆರಳು ಸವರಿ ನೋಡಿದ. ಜಿಡ್ಡು ತಾಗಲಿಲ್ಲ.

"ಯಾರು ತೆರೆದದ್ದು?"

"ನಾನೇ."

"ನೀವಾ? ನೀವೂ ಕೆಮಿಸ್ಟ್ರಿ ಓದಿದವರಲ್ವಾ ಅತ್ತಿಗೆ? ತೆರೆದ್ರೆ ಏನಾಗತ್ತೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು."

ಅವನು ಮೇಜಿನ ಸೆಳೆಖಾನೆಯಿಂದ ಜಾಡಿಯ ರಿಜಿಸ್ಟರ್ ತೆಗೆದು ಅವಳ ಮುಂದಿಟ್ಟ. ದಿನಾಂಕ, ಹೊತ್ತು, ಮುಚ್ಚಳ ತೆರೆದವರ ಸಹಿ. ಮನೆಗೆ ತರುವ ಮುನ್ನ ಇಲ್ಲೇ ಬಳಸಿದ್ದ ದಿನಗಳದು, ಪುಟದ ಉದ್ದಕ್ಕೂ ಗಂಡನದೇ ಸಹಿ, ಕೊನೆಯ ಅಕ್ಷರದ ಬಾಲ ಪಕ್ಕದ ಅಂಕಣಕ್ಕೂ ನುಗ್ಗುವಂತೆ. ಅದರ ಕೆಳಗಿನ ಖಾಲಿ ಸಾಲಿನಲ್ಲಿ ಅವಳು ಸಹಿ ಹಾಕಿದಳು.

ಮದುವೆಯ ನೋಂದಣಿ ಪುಸ್ತಕದ ನಂತರ ಅವರಿಬ್ಬರ ಸಹಿ ಒಂದೇ ಪುಟದಲ್ಲಿ ಬಿದ್ದದ್ದು ಅದೇ ಮೊದಲು.