ಇಷ್ಟದ ಸಾಲು

“ಈ ಹಾಡು ನಂದೂ ಫೇವರಿಟ್ ಸರ್, ದಿನಾ ಕೇಳ್ತೇನೆ,” ಎಂದ ಸುಶಾಂತ್. ಗಲ್ಫ್ ನಗರದ ಅಲ್ ಸದ್ದ್ ಸಿಗ್ನಲಿನಲ್ಲಿ ಅವನ ಕಾರು ನಿಂತಿತ್ತು. ಪಕ್ಕದಲ್ಲಿ ಕೂತಿದ್ದ ಮ್ಯಾನೇಜರ್ ಮಾರ್ಕ್, ಇಂಗ್ಲೆಂಡಿನ ತಮ್ಮೂರ ರಾಕ್ ಬ್ಯಾಂಡಿನ ಹೊಸ ಸಿಂಗಲ್ ಆಗಷ್ಟೇ ಹಾಕಿದ್ದರು. ಸುಶಾಂತನ ಪ್ರಮೋಷನ್ ಅವರ ಕೈಯಲ್ಲಿತ್ತು.

“ಹೌದಾ! ನಿಮಗೆ ತುಂಬ ಇಷ್ಟವಾದ ಸಾಲು ಯಾವುದು?”

ಸುಶಾಂತ್ ಸಿಗ್ನಲ್ ಹಸಿರಾಯಿತೇ ಎಂದು ನೋಡಿದ. ಹಿಂದಿನ ಸೀಟಿನಲ್ಲಿದ್ದ ಮಗಳು ಜ್ಯೋತ್ಸ್ನಾ ಒಂದು ಸಾಲನ್ನು ಮೆಲ್ಲಗೆ ಹಾಡಿ, “ಪಪ್ಪ ಮನೆಯಲ್ಲಿ ಯಾವಾಗ್ಲೂ ಇದನ್ನೇ ಹಾಡ್ತಾರೆ ಅಂಕಲ್,” ಎಂದಳು. ಮಾರ್ಕ್ ಖುಷಿಯಿಂದ ನಕ್ಕರು.

ಬೆಳಿಗ್ಗೆ ಮನೆಯಲ್ಲಿ ಅವಳು ಇದೇ ಹಾಡು ಹಾಕಿದಾಗ, “ಎಂಥ ಕಿರುಚಾಟ ಇದು? ಖಲಾಸ್, ಬಂದ್ ಮಾಡು!” ಎಂದು ಗದರಿಸಿ ಸುಶಾಂತ್ ಅವಳ ಪುಟ್ಟ ಸ್ಪೀಕರನ್ನೇ ಕಿತ್ತುಕೊಂಡಿದ್ದ. ಈಗ ಕನ್ನಡಿಯಲ್ಲಿ ಮಗಳನ್ನು ನೋಡಲು ಅವನಿಗೆ ನಾಚಿಕೆಯಾಯಿತು. ಆ ಸ್ಪೀಕರ್ ಇನ್ನೂ ಕಾರಿನ ಡಿಕ್ಕಿಯಲ್ಲೇ ಇತ್ತು.